ಮಡಕೆಯೊಳಗೆ ಯಾರ ಹೆಸರಿದೆ?

ಚೀಟಿ ಎತ್ತಿದರೆ ನ್ಯಾಯ ಆಯಿತು ಅಂತ ನಂಬಿದ ಜನ ನಾವು. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವಾಗ ಚೀಟಿ. ಇಬ್ಬರು ಅಭ್ಯರ್ಥಿಗಳಿಗೆ ಸಮ ಮತ ಬಿದ್ದರೆ ಚೀಟಿ. ಸೈಟು ಹಂಚುವುದಕ್ಕೂ ಚೀಟಿ. ಚೀಟಿಗೆ ಕಣ್ಣಿಲ್ಲ, ಅದಕ್ಕೆ ಊರು ಗೊತ್ತಿಲ್ಲ, ಕೇರಿ ಗೊತ್ತಿಲ್ಲ, ಗೌಡ ಗೊತ್ತಿಲ್ಲ, ಜೀತದಾಳು ಗೊತ್ತಿಲ್ಲ, ಆದ್ದರಿಂದ ಅದು ಕೊಟ್ಟದ್ದೇ ನ್ಯಾಯ ಎನ್ನುವುದು ವಾದ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಚೆನ್ನಾಗಿ ಕೇಳಿಸುವ ಮಾತುಗಳನ್ನೇ ಎರಡು ಸಲ ತಿರುವಿ ನೋಡಬೇಕು ಎಂಬುದನ್ನು ಈ ದೇಶ ನಮ್ಮ ಅಪ್ಪ-ಅಮ್ಮಂದಿರ ಬೆನ್ನಿನ ಮೇಲೆ ಬರೆದು ಕಲಿಸಿದೆ.

ಈ ವಾದವನ್ನು ಒರೆಗೆ ಹಚ್ಚುವುದಕ್ಕೆ ನಾವು ಆರಿಸಿಕೊಂಡ ಕಲ್ಲು ಚಿಕ್ಕದು: ಇಂಟರ್‌ನೆಟ್ ರೇಡಿಯೋದಲ್ಲಿ ಹಾಡುಗಳ ಸರದಿಯನ್ನು ತೀರ್ಮಾನಿಸುವ ಸ್ಕ್ರಿಪ್ಟು. 'ಭೂಮಿ, ಕೂಲಿ, ಅತ್ಯಾಚಾರದ ಪ್ರಶ್ನೆಗಳು ಉರಿಯುತ್ತಿರುವಾಗ ಇದೆಂಥ ಚರ್ಚೆ ಮಾರಾಯರೇ' ಅಂತ ಕೇಳುವ ಗೆಳೆಯರಿದ್ದಾರೆ. ಅವರಿಗೆ ನಮ್ಮದು ಒಂದೇ ಮಾತು. ಯಾರ ಹಾಡು ಕೇಳಿಸಬೇಕು, ಯಾರದ್ದು ಕೇಳಿಸಬಾರದು ಎಂಬುದು ಯಾವತ್ತೂ ಚಿಕ್ಕ ಪ್ರಶ್ನೆಯಾಗಿರಲಿಲ್ಲ. ದೇವರ ಮೆರವಣಿಗೆಗೆ ತಮಟೆ ಬೇಕು, ತಮಟೆ ಬಡಿಯುವವನು ಗುಡಿಯ ಹೊರಗೆ ನಿಲ್ಲಬೇಕು ಎಂದ ಸಮಾಜ ಇದು.

ಮೊದಲು ಕೆಲಸ ಹೇಗೆ ನಡೆಯುತ್ತದೆ ನೋಡೋಣ. ಒಂದು ಹಳೇ ಕಂಪ್ಯೂಟರು, ಒಂದು ಇಂಟರ್‌ನೆಟ್ ಸಂಪರ್ಕ, ಹಾಡಿನ ಫೈಲುಗಳಿರುವ ಫೋಲ್ಡರು. ಐಸ್‌ಕಾಸ್ಟ್ ಎಂಬ ಸರ್ವರು ಕೇಳುಗರ ಕಿವಿಗೆ ಧ್ವನಿ ಹರಿಸುತ್ತದೆ. ಅದಕ್ಕೆ ಧ್ವನಿ ಉಣಿಸುವುದು ಲಿಕ್ವಿಡ್‌ಸೋಪ್‌ನಂಥ ಇನ್ನೊಂದು ತಂತ್ರಾಂಶ. ಫ್ರಾನ್ಸಿನ ಲಿಯೋನ್ ನಗರದ ವಿದ್ಯಾರ್ಥಿಗಳ ಕೆಲಸದಿಂದ ಹುಟ್ಟಿಕೊಂಡದ್ದು. ಎರಡೂ ಮುಕ್ತ ತಂತ್ರಾಂಶಗಳು, ಕಾಸು ಕೊಡಬೇಕಾಗಿಲ್ಲ. ಹತ್ತು ಸಾಲು ಬರೆದಿಟ್ಟರೆ ಹಗಲೂ ರಾತ್ರಿ ಹಾಡು ಬರುತ್ತಲೇ ಇರುತ್ತದೆ. ನಿರೂಪಕ ಮಲಗಿದರೂ ರೇಡಿಯೋ ಮಲಗುವುದಿಲ್ಲ.

ಈ ಸ್ಕ್ರಿಪ್ಟಿನ ಒಳಗೆ ಒಂದು ಪದ ಕೂತಿದೆ. ಯಾವ ಹಾಡಾದ ಮೇಲೆ ಯಾವ ಹಾಡು ಎಂಬುದನ್ನು ಅದೇ ನಿರ್ಧರಿಸುತ್ತದೆ. ಲಿಕ್ವಿಡ್‌ಸೋಪಿನಲ್ಲಿ ಆ ಪದಕ್ಕೆ ಎರಡು ರೂಪ. 'ರ್ಯಾಂಡಮ್' ಅಂತ ಬರೆದರೆ ಯಂತ್ರ ಪ್ರತಿ ಸಲವೂ ಮಡಕೆಗೆ ಕೈಹಾಕಿ ಒಂದು ಚೀಟಿ ಎತ್ತುತ್ತದೆ, ಹಾಡು ಹಾಕುತ್ತದೆ, ಚೀಟಿಯನ್ನು ಮತ್ತೆ ಅದೇ ಮಡಕೆಗೆ ಎಸೆಯುತ್ತದೆ. 'ರ್ಯಾಂಡಮೈಜ್' ಅಂತ ಬರೆದರೆ ಇಸ್ಪೀಟಿನ ಎಲೆ ಕಲಸಿದ ಹಾಗೆ ಇಡೀ ಪಟ್ಟಿಯನ್ನು ಒಮ್ಮೆ ಕಲಸಿ, ಮೇಲಿನಿಂದ ಒಂದೊಂದೇ ಹಾಕುತ್ತಾ ಹೋಗುತ್ತದೆ. ಪಟ್ಟಿ ಮುಗಿದ ಮೇಲಷ್ಟೇ ಮತ್ತೆ ಕಲಸುತ್ತದೆ.

ಎರಡು ಅಕ್ಷರದ ವ್ಯತ್ಯಾಸ ಅಂತ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಪಟ್ಟಿಯಲ್ಲಿ 100 ಹಾಡುಗಳಿವೆ ಅಂತಿಟ್ಟುಕೊಳ್ಳಿ. ಮೊದಲ ವಿಧಾನದಲ್ಲಿ 13 ಸಲ ಚೀಟಿ ಎತ್ತುವುದರೊಳಗೆ ಒಂದು ಹಾಡು ಎರಡನೇ ಸಲ ಬರುವ ಸಂಭವ ಅರ್ಧಕ್ಕಿಂತ ಹೆಚ್ಚು. 100 ಸಲ ಎತ್ತಿ ಮುಗಿಸಿದಾಗ ಸರಾಸರಿ 37 ಹಾಡುಗಳು ಒಂದೇ ಒಂದು ಸಲವೂ ಹೊರಗೆ ಬಂದಿರುವುದಿಲ್ಲ. ಕೆಲವು ಮೂರು ಸಲ, ನಾಲ್ಕು ಸಲ ಬಂದಿರುತ್ತವೆ. ಯಾರೂ ಮೋಸ ಮಾಡಿಲ್ಲ. ಪ್ರತಿ ಸಲವೂ ಪ್ರತಿ ಹಾಡಿಗೂ ನೂರಕ್ಕೆ ಒಂದರಂತೆ ಸಮಾನ ಅವಕಾಶ ಇತ್ತು. ಆದರೂ 37 ಹಾಡುಗಳು ಮಡಕೆಯ ತಳದಲ್ಲಿ ಮೂಕವಾಗಿ ಬಿದ್ದಿವೆ. ಅವು ಬಂದು ಕೇಳಿದರೆ ಯಂತ್ರ ಏನು ಹೇಳುತ್ತದೆ? 'ಅವಕಾಶ ಕೊಟ್ಟಿದ್ದೆನಲ್ಲ, ನಿಮ್ಮ ಅದೃಷ್ಟ.' ಈ ಉತ್ತರವನ್ನು ಎಲ್ಲೋ ಕೇಳಿದ ಹಾಗಿಲ್ಲವೇ?

ಮೊದಲ ವಿಧಾನಕ್ಕೆ ನೆನಪಿಲ್ಲ. ಆಗಲೇ ಹಾಡಿದವನು ಯಾರು, ಬೆಳಗಿನಿಂದ ಕಾಯುತ್ತಿರುವವನು ಯಾರು ಎನ್ನುವುದು ಅದಕ್ಕೆ ಗೊತ್ತಿಲ್ಲ. ಎರಡನೆಯದಕ್ಕೆ ನೆನಪಿದೆ. ಹಾಡಿ ಆದವನು ಪಕ್ಕಕ್ಕೆ ನಿಲ್ಲಬೇಕು, ಹಾಡದವನಿಗೆ ಸರದಿ ಬರಬೇಕು. 'ಹಿಂದಿನದೆಲ್ಲ ಮರೆತುಬಿಡೋಣ, ಇವತ್ತಿನಿಂದ ಎಲ್ಲರೂ ಸಮಾನರು' ಎಂದು ಉಪದೇಶ ಮಾಡುವವರು ನಮಗೆ ಕೊಡುತ್ತಿರುವುದು ನೆನಪಿಲ್ಲದ ಮಡಕೆಯನ್ನು. ಮರೆಯೋಣ ಅನ್ನುವವರು ಸಾಮಾನ್ಯವಾಗಿ ಹತ್ತು ಸಲ ಹಾಡಿ ಮುಗಿಸಿದವರು.

ಕೇಳುಗರೂ ಬಯಸುವುದು ಬರೀ ಅದೃಷ್ಟವನ್ನಲ್ಲ. ಸ್ಪಾಟಿಫೈ ಎಂಬ ಸಂಗೀತ ಕಂಪನಿ ಮೊದಲು ಪಟ್ಟಿಯನ್ನು ನಿಜವಾಗಿಯೂ ಕಲಸುತ್ತಿತ್ತು. ಒಬ್ಬನೇ ಗಾಯಕನ ಹಾಡುಗಳು ಒಟ್ಟೊಟ್ಟಿಗೆ ಬರುತ್ತವೆ, ಇದೆಂಥ ಕಲಸುವಿಕೆ ಅಂತ ಜನ ದೂರಿದರು. ಒಬ್ಬನೇ ಗಾಯಕನ ಹಾಡುಗಳನ್ನು ಪಟ್ಟಿಯ ಉದ್ದಕ್ಕೂ ದೂರದೂರ ಹರಡುವ ಹಾಗೆ ಲೆಕ್ಕವನ್ನೇ ಬದಲಿಸಿದ್ದೇವೆ ಎಂದು ಆ ಕಂಪನಿ 2014ರಲ್ಲಿ ವಿವರಿಸಿತು. ಜನರ ಮನಸ್ಸಿನಲ್ಲಿದ್ದ ನ್ಯಾಯದ ಕಲ್ಪನೆ ಅದು: ಎಲ್ಲರಿಗೂ ಹಂಚಬೇಕು, ಒಂದೇ ಕಡೆ ಗುಡ್ಡೆ ಹಾಕಬಾರದು. ಹಾಡಿನ ವಿಷಯದಲ್ಲಿ ಎಲ್ಲರೂ ಒಪ್ಪುವ ಈ ಮಾತನ್ನು ಭೂಮಿಯ ವಿಷಯದಲ್ಲಿ ಹೇಳಿದರೆ ಮಾತ್ರ ನಕ್ಸಲೈಟ್ ಅನ್ನುತ್ತಾರೆ.

ಕಲಸಿದಂತೆ ಕಂಡರೂ ಕಲಸಿರದ ಸ್ಕ್ರಿಪ್ಟುಗಳಿವೆ. ಮೂರು ಹಾಡುಗಳನ್ನು ಕಲಸಬೇಕು ಅನ್ನಿ. ಅವನ್ನು ಸಾಲಾಗಿ ಇಡುವ ಕ್ರಮಗಳು ಆರು. ತೋಚಿದ ಹಾಗೆ ಬರೆಯುವವರು ಹೀಗೆ ಬರೆಯುತ್ತಾರೆ: ಪ್ರತಿ ಜಾಗದಲ್ಲಿರುವ ಹಾಡನ್ನೂ ಮೂರರಲ್ಲಿ ಯಾವುದಾದರೂ ಒಂದು ಜಾಗದ ಹಾಡಿನ ಜೊತೆ ಅದಲುಬದಲು ಮಾಡು. ಇದು ನಡೆಯಬಹುದಾದ ದಾರಿಗಳು 3×3×3, ಅಂದರೆ 27. ಇಪ್ಪತ್ತೇಳನ್ನು ಆರಕ್ಕೆ ಸಮನಾಗಿ ಹಂಚಲು ಆಗುವುದಿಲ್ಲ. ಮೂರು ಕ್ರಮಗಳಿಗೆ ಐದೈದು ದಾರಿ, ಇನ್ನು ಮೂರಕ್ಕೆ ನಾಲ್ಕು ನಾಲ್ಕೇ. ಬರೆದವನ ಮನಸ್ಸಿನಲ್ಲಿ ಯಾವ ಪಕ್ಷಪಾತವೂ ಇಲ್ಲ. ಪಕ್ಷಪಾತ ಸಾಲಿನೊಳಗೆ ಕೂತಿದೆ.

ಇದು ಬರೀ ಪುಸ್ತಕದ ಲೆಕ್ಕವಲ್ಲ. 2010ರಲ್ಲಿ ಯುರೋಪಿನ ವಿಂಡೋಸ್ ಬಳಕೆದಾರರಿಗೆ ಬ್ರೌಸರು ಆರಿಸಿಕೊಳ್ಳಲು ಒಂದು ಪುಟ ತೋರಿಸಬೇಕಾಗಿ ಬಂತು. ಐದು ಪ್ರಮುಖ ಬ್ರೌಸರುಗಳು, ಅವುಗಳ ಕ್ರಮವನ್ನು ಪ್ರತಿ ಸಲ ಕಲಸಬೇಕು, ಯಾರಿಗೂ ಮೊದಲ ಜಾಗ ಕಾಯಂ ಆಗಬಾರದು. ಯುರೋಪಿಯನ್ ಆಯೋಗದ ಜೊತೆ ಆದ ಒಪ್ಪಂದ ಅದು. ಜನ ಕೂತು ಎಣಿಸಿ ನೋಡಿದಾಗ ಮೈಕ್ರೋಸಾಫ್ಟಿನ ಸ್ವಂತ ಬ್ರೌಸರೇ ಸುಮಾರು ಅರ್ಧದಷ್ಟು ಸಲ ಕೊನೆಯ ಜಾಗದಲ್ಲಿ ಕಾಣಿಸಿತು. ಐದರಲ್ಲಿ ಒಂದು ಸಲ ಕಾಣಬೇಕಾಗಿತ್ತು. ಕಲಸುವ ಸಾಲನ್ನು ತಪ್ಪಾಗಿ ಬರೆದಿದ್ದರು, ಆಮೇಲೆ ಸರಿಪಡಿಸಿದರು. ಇಲ್ಲಿ ಕಂಪನಿ ತನ್ನ ಪರವಾಗಿ ಮೋಸ ಮಾಡಿಕೊಂಡಿತು ಅಂತ ಹೇಳಲಿಕ್ಕೂ ಆಗುವುದಿಲ್ಲ. ನಮಗೆ ಬೇಕಾದ ಪಾಠ ಬೇರೆ. ಒಂದು ವ್ಯವಸ್ಥೆ ನ್ಯಾಯವಾಗಿದೆಯೋ ಇಲ್ಲವೋ ಎಂಬುದನ್ನು ಅದನ್ನು ಮಾಡಿದವರ ಮುಖ ನೋಡಿ ಹೇಳಲಾಗದು, ಮನಸ್ಸು ನೋಡಿಯೂ ಹೇಳಲಾಗದು. ಹೊರಗೆ ಬಂದದ್ದನ್ನು ಎಣಿಸಬೇಕು. 'ನಮ್ಮ ಸಂಸ್ಥೆಯಲ್ಲಿ ಯಾರೂ ಜಾತಿ ಮಾಡುವುದಿಲ್ಲ ಕಣ್ರೀ' ಎನ್ನುವವರ ಮುಂದೆ ನಾವು ಇಡಬೇಕಾದದ್ದು ಜಗಳವನ್ನಲ್ಲ, ಎಣಿಕೆಯನ್ನು.

ಸರಿಯಾಗಿ ಕಲಸುವ ವಿಧಾನವೂ ಇದೆ. ಮೊದಲ ಜಾಗಕ್ಕೆ ಮೂರರಲ್ಲಿ ಒಂದು, ಎರಡನೇ ಜಾಗಕ್ಕೆ ಉಳಿದ ಎರಡರಲ್ಲಿ ಒಂದು, ಕೊನೆಗೆ ಉಳಿದದ್ದು. ಒಮ್ಮೆ ಕೂತವನನ್ನು ಮತ್ತೆ ಎಬ್ಬಿಸುವಂತಿಲ್ಲ. ಆಗ ಆರು ಕ್ರಮಕ್ಕೂ ಸಮಪಾಲು. ರೊನಾಲ್ಡ್ ಫಿಶರ್ ಮತ್ತು ಫ್ರಾಂಕ್ ಯೇಟ್ಸ್ 1938ರ ತಮ್ಮ ಸಂಖ್ಯಾಶಾಸ್ತ್ರದ ಕೋಷ್ಟಕಗಳ ಪುಸ್ತಕದಲ್ಲಿ ಇದನ್ನು ಕೊಟ್ಟರು. 1964ರಲ್ಲಿ ರಿಚರ್ಡ್ ಡರ್ಸ್ಟೆನ್‌ಫೆಲ್ಡ್ ಕಂಪ್ಯೂಟರಿಗೆ ಒಗ್ಗುವ ಹಾಗೆ ಬರೆದರು. ಈ ಫಿಶರ್ ಯಾರು? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 1933ರಿಂದ ಯೂಜೆನಿಕ್ಸ್ ಪ್ರಾಧ್ಯಾಪಕರಾಗಿದ್ದವರು. ಯೋಗ್ಯತೆ ರಕ್ತದಲ್ಲಿ ಇಳಿದು ಬರುತ್ತದೆ, ಒಳ್ಳೆಯ ತಳಿ ಹೆಚ್ಚಬೇಕು, ಕೆಟ್ಟ ತಳಿ ಕಡಿಮೆಯಾಗಬೇಕು ಎಂಬ ಪಂಥ ಅದು. ಅದಕ್ಕೆ ಎರಡು ವರ್ಷ ಮುಂಚೆ, 1936ರ 'ಜಾತಿ ವಿನಾಶ'ದಲ್ಲಿ, ಜಾತಿಗೂ ತಳಿಶುದ್ಧಿಗೂ ಗಂಟು ಹಾಕುವ ಇದೇ ವಾದವನ್ನು ಬಾಬಾಸಾಹೇಬರು ಬಿಚ್ಚಿ ಬಿಸಾಕಿದ್ದರು. ಎಲ್ಲ ಎಲೆಗಳಿಗೂ ಸಮಾನ ಅವಕಾಶ ಕೊಡುವ ಕ್ರಮವನ್ನು ಜಗತ್ತಿಗೆ ಕೊಟ್ಟ ಮನುಷ್ಯ ಎಲ್ಲ ಮನುಷ್ಯರೂ ಸಮಾನ ಎಂದು ಒಪ್ಪಿರಲಿಲ್ಲ. ಹಾಗಂತ ಆ ವಿಧಾನವನ್ನು ಎಸೆಯಬೇಕೇ? ಬೇಡ. ಸಲಕರಣೆ ಯಾರ ಕೈಯಿಂದ ಬಂತು ಅಂತ ಮಡಿ-ಮೈಲಿಗೆ ನೋಡುವುದು ನಮ್ಮ ಕೆಲಸವಲ್ಲ. ಆದರೆ ಎಲೆ ಸರಿಯಾಗಿ ಕಲಸಿದ ಮಾತ್ರಕ್ಕೆ ಆಟ ಸರಿಯಾಯಿತು ಎಂದು ನಂಬುವುದೂ ನಮ್ಮ ಕೆಲಸವಲ್ಲ.

ಇಲ್ಲಿಗೆ ನಾವು ಮಡಕೆಯ ಹತ್ತಿರ ಬಂದೆವು.

ತಮಿಳುನಾಡಿನ ಉತ್ತರಮೇರೂರಿನ ಶಾಸನಗಳ ಬಗ್ಗೆ ಶಾಲೆಯಲ್ಲಿ ಓದಿರುತ್ತೇವೆ. ಒಂದನೇ ಪರಾಂತಕ ಚೋಳನ ಕಾಲದ್ದು, ಕ್ರಿ.ಶ. 919 ಮತ್ತು 921ರದ್ದು. ಊರಿನ 30 ವಿಭಾಗಗಳಿಂದ ಸಮಿತಿ ಸದಸ್ಯರನ್ನು ಆರಿಸುವ ಕ್ರಮ ಅದರಲ್ಲಿದೆ. ಓಲೆಗರಿಯ ಮೇಲೆ ಹೆಸರು ಬರೆದು ಮಡಕೆಗೆ ಹಾಕಬೇಕು. ಏನೂ ತಿಳಿಯದ ಒಬ್ಬ ಹುಡುಗನಿಂದ ಎಲ್ಲರೆದುರಿಗೆ ಓಲೆ ಎತ್ತಿಸಬೇಕು. 2020ರಲ್ಲಿ ಹೊಸ ಸಂಸತ್ ಭವನದ ಶಂಕುಸ್ಥಾಪನೆ ಆದಾಗಲೂ ಭಾರತದ ಪ್ರಜಾಪ್ರಭುತ್ವ ಎಷ್ಟು ಹಳೆಯದು ಎಂದು ತೋರಿಸಲು ಈ ಶಾಸನವನ್ನೇ ನೆನೆಯಲಾಯಿತು.

ಎತ್ತುವ ಕ್ರಮದಲ್ಲಿ ನಮಗೂ ಯಾವ ತಕರಾರಿಲ್ಲ. ಹುಡುಗ ಪ್ರಾಮಾಣಿಕ. ಮಡಕೆಯೂ ಪ್ರಾಮಾಣಿಕ. ಆದರೆ ಮಡಕೆಯೊಳಗೆ ಯಾರ ಹೆಸರಿತ್ತು? ಅದನ್ನೂ ಅದೇ ಶಾಸನ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ತೆರಿಗೆ ಕಟ್ಟುವ ಕಾಲು ವೇಲಿಗಿಂತ ಹೆಚ್ಚು ಭೂಮಿ ಇರಬೇಕು. ಸ್ವಂತ ನಿವೇಶನದಲ್ಲಿ ಮನೆ ಇರಬೇಕು. 35ಕ್ಕಿಂತ ಮೇಲೆ, 70ಕ್ಕಿಂತ ಕೆಳಗೆ ವಯಸ್ಸಿರಬೇಕು. ವೇದಮಂತ್ರ, ಬ್ರಾಹ್ಮಣಗಳ ಜ್ಞಾನ ಇರಬೇಕು. ಊರು ಬ್ರಾಹ್ಮಣರಿಗೆ ದಾನ ಬಿಟ್ಟ ಚತುರ್ವೇದಿಮಂಗಲ. ಅಲ್ಲಿನ ಗದ್ದೆಯಲ್ಲಿ ಬೆನ್ನು ಬಗ್ಗಿಸಿದವರ ಹೆಸರನ್ನು ಯಾರೂ ಓಲೆಯ ಮೇಲೆ ಬರೆಯಲಿಲ್ಲ. ಬರೆಯದ ಹೆಸರು ಎಷ್ಟು ನ್ಯಾಯವಾಗಿ ಎತ್ತಿದರೂ ಬರುವುದಿಲ್ಲ. ಗ್ರೀಸಿನ ಅಥೆನ್ಸಿನಲ್ಲೂ ಇದೇ ಕಥೆ. ಅಧಿಕಾರಿಗಳನ್ನೂ ನ್ಯಾಯ ಹೇಳುವವರನ್ನೂ ಚೀಟಿಯಿಂದ ಆರಿಸುತ್ತಿದ್ದರು. ಅದಕ್ಕಾಗಿ ಕಲ್ಲಿನ ಯಂತ್ರವನ್ನೇ ಕಡೆದಿದ್ದರು. ಹೆಂಗಸರು, ಗುಲಾಮರು, ಹೊರಗಿನಿಂದ ಬಂದು ನೆಲೆಸಿದವರು ಆ ಯಂತ್ರದ ತೂತುಗಳೊಳಗೆ ಇರಲೇ ಇಲ್ಲ.

ಈಗ ನಮ್ಮ ರೇಡಿಯೋಗೆ ಬನ್ನಿ. ಪಟ್ಟಿಯಲ್ಲಿ 1000 ಹಾಡುಗಳಿವೆ. ಸಿನಿಮಾ ಹಾಡು, ಭಾವಗೀತೆ, ಭಕ್ತಿಗೀತೆ ಸೇರಿ 980. ಕೇರಿಯ ಹಾಡು, ಹೋರಾಟದ ಹಾಡು, ತತ್ವಪದ, ಸೋಬಾನೆ, ಕೂಲಿ ಹೆಂಗಸರ ಹಾಡು ಎಲ್ಲ ಸೇರಿ 20. ಅತ್ಯಂತ ಸರಿಯಾದ ವಿಧಾನದಲ್ಲಿ ಕಲಸೋಣ. ಗಂಟೆಗೆ 15 ಹಾಡು, ದಿನಕ್ಕೆ 360. ಅದರಲ್ಲಿ ನಮ್ಮವು ಸುಮಾರು ಏಳು. ಮೂರು ಗಂಟೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು. ಆ ಒಂದು ರಾತ್ರಿ ಎರಡು ಗಂಟೆಗೆ ಬಿದ್ದರೆ ಕೇಳುವವರು ಯಾರೂ ಇಲ್ಲ. 'ಯಂತ್ರಕ್ಕೆ ಜಾತಿ ಇಲ್ಲ' ಎನ್ನುವ ಮಾತು ನಿಜ. ಜಾತಿ ಫೋಲ್ಡರಿನಲ್ಲಿದೆ. ಸ್ಟುಡಿಯೋಗೆ ಯಾರನ್ನು ಕರೆದರು, ಯಾರ ಧ್ವನಿಯನ್ನು ಮುದ್ರಿಸಿದರು, ಯಾರ ಕ್ಯಾಸೆಟ್ಟನ್ನು ಜೋಪಾನವಾಗಿ ಇಟ್ಟರು ಎನ್ನುವ ಎಷ್ಟೋ ವರ್ಷಗಳ ಚರಿತ್ರೆ ಆ ಫೋಲ್ಡರಿನಲ್ಲಿ ಮಡಿಸಿ ಕೂತಿದೆ. ಚರಿತ್ರೆಯನ್ನು ಹಾಗೇ ಇಟ್ಟುಕೊಂಡು ಮೇಲೆ ಕಲಸಿದರೆ ಹೊರಗೆ ಬರುವುದೂ ಅದೇ ಚರಿತ್ರೆ, ಅದಲುಬದಲಾದ ಕ್ರಮದಲ್ಲಿ.

ಸ್ಕ್ರಿಪ್ಟಿನಲ್ಲಿ ಇದಕ್ಕೆ ಮದ್ದಿದೆ. ಅದರ ಹೆಸರು ತೂಕ. ಹಾಡುಗಳನ್ನು ಬೇರೆ ಬೇರೆ ಫೋಲ್ಡರಿಗೆ ಹಾಕಿ, ಇದಕ್ಕೆ ಮೂರು, ಇದಕ್ಕೆ ಒಂದು ಅಂತ ತೂಕ ಬರೆಯಬಹುದು. ಆಗ ನಾಲ್ಕರಲ್ಲಿ ಒಂದು ಹಾಡು ಕೇರಿಯಿಂದ ಬರುತ್ತದೆ. ತೂಕ ಎಂಬ ಪದ ಕೇಳಿದ ಕೂಡಲೇ ಒಬ್ಬರು ಎದ್ದು ನಿಲ್ಲುತ್ತಾರೆ: 'ಹಾಗಾದರೆ ಪ್ರತಿಭೆಯ ಗತಿ ಏನು? ಜನಕ್ಕೆ ಇಷ್ಟವಾದ ಹಾಡು ಹೆಚ್ಚು ಬರಲಿ, ಇಷ್ಟವಾಗದ್ದು ಕಡಿಮೆ ಬರಲಿ. ಅದೇ ನಿಜವಾದ ನ್ಯಾಯ.'

ಈ ಪ್ರಶ್ನೆಗೆ ಕೋಪದಿಂದ ಉತ್ತರ ಕೊಡುವುದು ಸುಲಭ. ಪುರಾವೆಯಿಂದ ಕೊಡೋಣ. ಅಮೆರಿಕದ ಮೂವರು ಸಂಶೋಧಕರು, ಸಾಲ್ಗನಿಕ್, ಡಾಡ್ಸ್ ಮತ್ತು ವಾಟ್ಸ್, 2006ರಲ್ಲಿ ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಹೆಸರು ಕೇಳಿರದ ತಂಡಗಳ 48 ಹಾಡುಗಳು, 14,000ಕ್ಕೂ ಮೀರಿದ ಕೇಳುಗರು. ಒಂದು ಗುಂಪಿಗೆ ಹಾಡುಗಳನ್ನಷ್ಟೇ ಕೊಟ್ಟರು. ಉಳಿದವರನ್ನು ಎಂಟು ಪ್ರತ್ಯೇಕ ಲೋಕಗಳಾಗಿ ವಿಂಗಡಿಸಿ, ಆಯಾ ಲೋಕದಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡರು ಎಂಬ ಲೆಕ್ಕವನ್ನೂ ತೋರಿಸಿದರು. ಲೆಕ್ಕ ಕಂಡ ಕಡೆ ಮೇಲಿನ ಹಾಡು ಇನ್ನೂ ಮೇಲಕ್ಕೆ ಹೋಯಿತು, ಕೆಳಗಿನದು ಇನ್ನೂ ಕೆಳಗಿಳಿಯಿತು. ಅಷ್ಟೇ ಅಲ್ಲ, ಒಂದು ಲೋಕದಲ್ಲಿ ಗೆದ್ದದ್ದು ಇನ್ನೊಂದರಲ್ಲಿ ಗೆಲ್ಲಲಿಲ್ಲ. ತೀರ ಒಳ್ಳೆಯ ಹಾಡು ಪೂರ್ತಿ ಸೋತದ್ದು ಅಪರೂಪ, ತೀರ ಕೆಟ್ಟದ್ದು ಗೆದ್ದದ್ದೂ ಅಪರೂಪ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ನಡುವಿನ ದೊಡ್ಡ ರಾಶಿಗೆ ಏನು ಬೇಕಾದರೂ ಆಗಬಹುದಿತ್ತು.

ಅಂದರೆ ಹಾಕಿದ ಹಾಡನ್ನು ಜನ ಕೇಳುತ್ತಾರೆ, ಕೇಳಿದ್ದು ರೂಢಿಯಾಗುತ್ತದೆ, ರೂಢಿಯಾದದ್ದು ಇಷ್ಟವಾಗುತ್ತದೆ, ಇಷ್ಟವಾದದ್ದನ್ನೇ ಮತ್ತೆ ಹಾಕುತ್ತಾರೆ. ಈ ಚಕ್ರಕ್ಕೆ ಪ್ರತಿಭೆ ಅಂತ ಹೆಸರಿಟ್ಟು ಆರತಿ ಎತ್ತುತ್ತಾರೆ. ತೂಕ ಹಾಕದ ಪಟ್ಟಿ ಎಂಬುದು ಇಲ್ಲವೇ ಇಲ್ಲ. ಯಾರೂ ಬರೆಯದಿದ್ದರೂ ತೂಕ ಅಲ್ಲಿರುತ್ತದೆ. ಮೊದಲು ಬಂದವರು, ದುಡ್ಡಿದ್ದವರು, ಮೈಕಿನ ಹತ್ತಿರ ಇದ್ದವರು ಅದನ್ನು ಬರೆದು ಹೋಗಿರುತ್ತಾರೆ. ನಾವು ಬರೆಯುವ ತೂಕಕ್ಕೂ ಅದಕ್ಕೂ ಒಂದೇ ವ್ಯತ್ಯಾಸ. ನಮ್ಮದು ಎಲ್ಲರೂ ಓದುವ ಹಾಗೆ ಒಂದು ಸಾಲಿನಲ್ಲಿ ಬರೆದಿದೆ.

ಇದಕ್ಕಿಂತ ಆಳದಲ್ಲಿ ಇನ್ನೊಂದು ಮಾತಿದೆ. ಯಾರು ಯಾವ ಮನೆಯಲ್ಲಿ ಹುಟ್ಟುತ್ತಾರೆ ಎನ್ನುವುದಕ್ಕಿಂತ ದೊಡ್ಡ ಚೀಟಿ ಜಗತ್ತಿನಲ್ಲಿಲ್ಲ. ಕರ್ಮಸಿದ್ಧಾಂತ ಮಾಡಿದ ಕೆಲಸವೇನು? ಅದು ಚೀಟಿಯೇ ಅಲ್ಲ, ಹಿಂದಿನ ಜನ್ಮದ ಲೆಕ್ಕ ಎಂದು ಹೇಳಿತು. ಆಕಸ್ಮಿಕವನ್ನು ಅರ್ಹತೆ ಮಾಡಿತು. ಹಣೆಬರಹ ಅಂತ ಹೆಸರಿಟ್ಟು ಹಣೆಯ ಮೇಲೆ ಬರೆದ ಕೈಯನ್ನು ಅಡಗಿಸಿತು. ಹುಟ್ಟು ಆಕಸ್ಮಿಕ ಎಂದು ಒಪ್ಪಿದ ಕ್ಷಣವೇ ಅದರಿಂದ ಬಂದ ಗದ್ದೆಗೂ ಗದ್ದುಗೆಗೂ ಯಾರೂ ಅರ್ಹರಲ್ಲ ಎನ್ನುವುದನ್ನೂ ಒಪ್ಪಬೇಕಾಗುತ್ತದೆ. ಅದಕ್ಕೇ ಅವರು ಒಪ್ಪುವುದಿಲ್ಲ. ಸೈಟಿನ ಚೀಟಿ ನ್ಯಾಯ ಅನ್ನುವವರು ಹುಟ್ಟಿನ ಚೀಟಿಯನ್ನು ಚೀಟಿ ಎಂದು ಕರೆಯಲು ಹೆದರುತ್ತಾರೆ.

ತೂಕ ಬರೆದರೆ ಕೆಲಸ ಮುಗಿಯಿತೇ? ಇಲ್ಲ. ನಾಲ್ಕರಲ್ಲಿ ಒಂದು ಹಾಡು ನಮ್ಮ ಫೋಲ್ಡರಿನಿಂದ ಬಂದರೆ ದಿನಕ್ಕೆ 90 ಹಾಡು. ಫೋಲ್ಡರಿನಲ್ಲಿರುವುದು 20. ಒಂದೊಂದು ಹಾಡೂ ದಿನಕ್ಕೆ ನಾಲ್ಕೈದು ಸಲ. 'ಅದೇ ಹಾಡು, ಅದೇ ಹಾಡು' ಅಂತ ಕೇಳುಗರು ಬೇಸರಪಟ್ಟರೆ ಅವರ ಮೇಲೆ ಸಿಟ್ಟಾಗಿ ಫಲವಿಲ್ಲ. ಎಲ್ಲ ವೇದಿಕೆಗೂ ಅದೇ ನಾಲ್ಕು ದಲಿತ ಮುಖಗಳನ್ನು ಕೂರಿಸಿ ಪ್ರಾತಿನಿಧ್ಯ ಆಯಿತು ಎನ್ನುವ ವ್ಯವಸ್ಥೆಯೂ ಹೀಗೇ. ತೂಕದ ಜೊತೆಗೆ ಮಡಕೆ ತುಂಬಬೇಕು. ಕೇರಿಗೆ ಹೋಗಿ ಕೂರಬೇಕು, ಹಾಡುವವರನ್ನು ಕೇಳಿ ಒಪ್ಪಿಗೆ ಪಡೆದು ಮುದ್ರಿಸಬೇಕು, 20 ಇದ್ದದ್ದು 300 ಆಗಬೇಕು. ಬೀದರಿನ ಗಡಿಗೆ ಹತ್ತಿರದ ಜಹೀರಾಬಾದ್ ಸೀಮೆಯ ಮಾಚನೂರಿನಲ್ಲಿ 2008ರಲ್ಲಿ ಶುರುವಾದ ಸಂಘಂ ರೇಡಿಯೋವನ್ನು ನೆನೆಯಿರಿ. ಹೊಲದಲ್ಲಿ ದುಡಿಯುವ ದಲಿತ ಹೆಂಗಸರೇ ಅಲ್ಲಿ ಹಾಡಿದರು, ಅವರೇ ಮುದ್ರಿಸಿದರು, ಅವರೇ ಬಿತ್ತರಿಸಿದರು. ಅವರು ಚೀಟಿ ಎತ್ತುವ ಹುಡುಗನಿಗಾಗಿ ಕಾಯಲಿಲ್ಲ, ಮಡಕೆಯನ್ನೇ ಮಾಡಿಕೊಂಡರು.

ಸರದಿಯ ವಿಷಯಕ್ಕೂ ಬರಬೇಕು. ಚೀಟಿಯೇ ಬೇಡ, ಎಣಿಸಿ ಸರದಿ ಕೊಡೋಣ ಎಂದರೆ ಸ್ಕ್ರಿಪ್ಟಿನಲ್ಲಿ ಅದಕ್ಕೂ 'ರೊಟೇಟ್' ಎಂಬ ಪದ ಇದೆ. ಇಂತಿಷ್ಟನೇ ಹಾಡು ಇಂಥ ಫೋಲ್ಡರಿನಿಂದ ಅಂತ ಬರೆಯಬಹುದು. ಆದರೆ ಎಣಿಕೆ ಎಲ್ಲಿಂದ ಶುರುವಾಗುತ್ತದೆ? ಸ್ಕ್ರಿಪ್ಟು ನಿಂತು ಮತ್ತೆ ಶುರುವಾದಾಗ ಹಿಂದಿನ ಎಣಿಕೆಯನ್ನು ಎಲ್ಲಾದರೂ ಬರೆದಿಡದಿದ್ದರೆ ಮತ್ತೆ ಒಂದರಿಂದಲೇ ಶುರು. ಗಂಟೆಗೊಮ್ಮೆ ಹೀಗೆ ಶುರುವಾಗುವ ರೇಡಿಯೋ ಗಂಟೆಗೆ 13 ಹಾಡು ಹಾಕುತ್ತದೆ ಅನ್ನಿ. 14ನೇ ಜಾಗ ನಿಮ್ಮದು ಅಂತ ಯಾರಿಗೆ ಬರೆದುಕೊಟ್ಟಿದೆಯೋ ಅವರಿಗೆ ಸರದಿ ಈ ಜನ್ಮದಲ್ಲಿ ಬರುವುದಿಲ್ಲ.

ಇದು ಉಪಮೆ ಅಲ್ಲ ಗೆಳೆಯರೇ. ಈ ದೇಶದ ವಿಶ್ವವಿದ್ಯಾಲಯಗಳಲ್ಲಿ ನಡೆದದ್ದು. ಮೇಷ್ಟ್ರುಗಳ ನೇಮಕದ ಮೀಸಲಾತಿಗೆ ಇಡೀ ವಿಶ್ವವಿದ್ಯಾಲಯವನ್ನು ಒಂದು ಘಟಕವಾಗಿ ಎಣಿಸುತ್ತಿದ್ದದ್ದನ್ನು ಅಲಹಾಬಾದ್ ಹೈಕೋರ್ಟು 2017ರಲ್ಲಿ ಒಪ್ಪಲಿಲ್ಲ. ಒಂದೊಂದು ವಿಭಾಗವನ್ನೂ ಪ್ರತ್ಯೇಕ ಎಣಿಸಬೇಕು ಎಂದಿತು. ಯುಜಿಸಿ 2018ರ ಮಾರ್ಚಿನಲ್ಲಿ ಅದನ್ನೇ ಆದೇಶ ಮಾಡಿತು. 13 ಪಾಯಿಂಟ್ ರೋಸ್ಟರ್ ಎಂದು ಹೆಸರಾದ ಆ ಎಣಿಕೆಯಲ್ಲಿ ಹಿಂದುಳಿದ ವರ್ಗಕ್ಕೆ ಮೊದಲು ಸಿಗುವುದು 4ನೇ ಹುದ್ದೆ, ಪರಿಶಿಷ್ಟ ಜಾತಿಗೆ 7ನೆಯದು, ಪರಿಶಿಷ್ಟ ಪಂಗಡಕ್ಕೆ 14ನೆಯದು. ಆರು ಹುದ್ದೆಯ ವಿಭಾಗದಲ್ಲಿ ಏಳನೆಯದು ಎಲ್ಲಿಂದ ಬರಬೇಕು? ಕಾಗದದ ಮೇಲೆ ಮೀಸಲಾತಿಯ ಒಂದು ಅಕ್ಷರವನ್ನೂ ಅಳಿಸಲಿಲ್ಲ. ಎಣಿಕೆ ಎಲ್ಲಿಂದ ಶುರುವಾಗಬೇಕು ಎನ್ನುವುದನ್ನಷ್ಟೇ ಬದಲಿಸಿದರು. ವಿದ್ಯಾರ್ಥಿಗಳೂ ಮೇಷ್ಟ್ರುಗಳೂ ಬೀದಿಗಿಳಿದರು, 2019ರ ಮಾರ್ಚ್ 5ರಂದು ಭಾರತ ಬಂದ್ ಆಯಿತು, ಎರಡು ದಿನಕ್ಕೆ ಸುಗ್ರೀವಾಜ್ಞೆ ಬಂತು, ಅದೇ ವರ್ಷ ಕಾಯಿದೆಯೂ ಆಯಿತು. ವಿಶ್ವವಿದ್ಯಾಲಯವೇ ಮತ್ತೆ ಘಟಕವಾಯಿತು. ಒಂದು ಸಾಲಿನ ಲೆಕ್ಕವನ್ನು ಸರಿಪಡಿಸಲು ಇಡೀ ದೇಶದ ಬೀದಿಗಳು ಬೇಕಾದವು.

ಸರದಿ ಬಂದರೂ ಬಾಗಿಲಲ್ಲಿ ತಡೆಯುವವರಿದ್ದಾರೆ. ಮಧುರೈ ಜಿಲ್ಲೆಯ ಪಾಪಾಪಟ್ಟಿ, ಕೀರಿಪಟ್ಟಿ, ನಾಟ್ಟಾರ್‌ಮಂಗಲಂ ಪಂಚಾಯತಿಗಳ ಅಧ್ಯಕ್ಷ ಸ್ಥಾನ 1996ರಲ್ಲಿ ಸರದಿಯಂತೆ ದಲಿತರಿಗೆ ಮೀಸಲಾಯಿತು. ಮೇಲ್ಜಾತಿಯವರು ಹತ್ತು ವರ್ಷ ಆ ಸರದಿಯನ್ನು ಕಾಲ ಕೆಳಗೆ ಹಾಕಿಕೊಂಡರು. ನಾಮಪತ್ರ ಹಾಕಗೊಡಲಿಲ್ಲ, ತಮಗೆ ಬೇಕಾದವರನ್ನು ನಿಲ್ಲಿಸಿ ಗೆದ್ದ ಕೂಡಲೇ ರಾಜೀನಾಮೆ ಕೊಡಿಸಿದರು. ಕೊನೆಗೆ ಅಲ್ಲಿ ಸರಿಯಾಗಿ ಚುನಾವಣೆ ಆದದ್ದು 2006ರಲ್ಲಿ. ಅದೇ ಜಿಲ್ಲೆಯ ಮೇಲವಳವಿನಲ್ಲಿ ಮೀಸಲು ಸ್ಥಾನದಿಂದ ಗೆದ್ದ ಅಧ್ಯಕ್ಷ ಮುರುಗೇಶನ್ ಅವರನ್ನೂ ಜೊತೆಗಿದ್ದವರನ್ನೂ 1997ರ ಜೂನ್ 30ರಂದು ಕಡಿದು ಕೊಂದರು. ರೇಡಿಯೋದ ಸ್ಕ್ರಿಪ್ಟಿನಲ್ಲೂ 'ಸ್ಕಿಪ್' ಎಂಬ ಆಜ್ಞೆ ಇದೆ. ಅದನ್ನು ಒತ್ತುವ ಬೆರಳು ಯಾರದು ಎನ್ನುವುದು ಕಂಪ್ಯೂಟರಿನ ಪ್ರಶ್ನೆ ಅಲ್ಲ.

ಹೆಸರಿನ ಪ್ರಶ್ನೆಯೂ ಇದೆ. ಅಮೆರಿಕದ 1998ರ ಡಿಎಂಸಿಎ ಕಾಯಿದೆಯ ಶಾಸನಬದ್ಧ ಲೈಸೆನ್ಸಿನಡಿ ನಡೆಯುವ ಇಂಟರ್‌ನೆಟ್ ರೇಡಿಯೋಗಳು ಮೂರು ಗಂಟೆಯಲ್ಲಿ ಒಬ್ಬನೇ ಕಲಾವಿದನ ಹಾಡನ್ನು ನಾಲ್ಕಕ್ಕಿಂತ ಹೆಚ್ಚು ಹಾಕಕೂಡದು. ಆ ಕಾಯಿದೆ ತಮಗೆ ತಗಲದ ಕಡೆಯೂ ರೇಡಿಯೋ ನಡೆಸುವವರು ಇಂಥ ಅಂತರ ಇಟ್ಟುಕೊಳ್ಳುತ್ತಾರೆ. ಒಳ್ಳೆಯ ನಿಯಮ. ಈಗ ಕೇರಿಯ ಹಾಡುಗಳ ಫೈಲು ತೆರೆದು ನೋಡಿ. ಕಲಾವಿದರ ಹೆಸರಿನ ಜಾಗದಲ್ಲಿ 'ಅಜ್ಞಾತ'. ಇಲ್ಲವೇ 'ಜಾನಪದ'. ಹೆಸರನ್ನಷ್ಟೇ ಓದುವ ಸ್ಕ್ರಿಪ್ಟಿಗೆ ಐವತ್ತು ಊರಿನ ಐವತ್ತು ಹೆಂಗಸರೂ 'ಅಜ್ಞಾತ' ಎಂಬ ಒಬ್ಬನೇ ವ್ಯಕ್ತಿ. ಒಬ್ಬಳು ಹಾಡಿದರೆ ಉಳಿದ ನಲವತ್ತೊಂಬತ್ತು ಜನ ಬಾಯಿ ಮುಚ್ಚಬೇಕು. ಹೆಸರು ಬರೆದುಕೊಳ್ಳದೆ ಹಾಡನ್ನು ಮಾತ್ರ ಒಯ್ದವರ ಸೋಮಾರಿತನ ಇಲ್ಲಿ ಶಿಕ್ಷೆಯಾಗಿ ಹಾಡಿದವರ ಮೇಲೆ ಬಿತ್ತು. ಹಾಡಿದವಳ ಹೆಸರು, ಊರು, ದಿನಾಂಕ ಬರೆಯುವುದು ಗುಮಾಸ್ತನ ಕೆಲಸ ಅಂತ ತಿಳಿಯಬೇಡಿ. ಅದು ಚಳುವಳಿಯ ಕೆಲಸ.

ನಮ್ಮ ಫೋಲ್ಡರಿನ ಒಳಗೂ ಬೆಳಕು ಬಿಡಬೇಕು. 'ದಲಿತ ಹಾಡು' ಎಂದು ಒಂದೇ ಫೋಲ್ಡರು ಮಾಡಿ ತೂಕ ಕೊಟ್ಟರೆ, ಅದರೊಳಗೆ ಸಂಘಟನೆ ಗಟ್ಟಿಯಿದ್ದ ಗಂಡಸರ ಹಾಡೇ ಮುಕ್ಕಾಲು ಇದ್ದರೆ, ಅಲೆಮಾರಿಗಳ ಹಾಡು ಎರಡೇ ಇದ್ದರೆ, ಒಳಗೆ ನಡೆಯುವುದೂ ಹೊರಗೆ ನಡೆದದ್ದೇ. ಪರಿಶಿಷ್ಟ ಜಾತಿಗಳೊಳಗೆ ಹಿಂದೆ ಬಿದ್ದವರಿಗೆ ಪ್ರತ್ಯೇಕ ಪಾಲು ಕೊಡಲು ರಾಜ್ಯಗಳಿಗೆ ಅಧಿಕಾರ ಇದೆ ಎಂದು ಸುಪ್ರೀಂ ಕೋರ್ಟು 2024ರ ಆಗಸ್ಟ್ 1ರಂದು ಹೇಳಿತು. ಕರ್ನಾಟಕದ ಬೀದಿಗಳಲ್ಲಿ ಆ ಕೂಗು ಅದಕ್ಕೂ ಬಹಳ ಮುಂಚಿನದು. ಮೇಲಿನವರ ಮಡಕೆಯನ್ನು ಪ್ರಶ್ನಿಸುವ ನಾವು ನಮ್ಮ ಮಡಕೆಯನ್ನು ಪ್ರಶ್ನಿಸಿದವರ ಮೇಲೆ ಒಡಕು ತರುತ್ತೀರಿ ಅಂತ ಹರಿಹಾಯುವುದು ಯಾವ ನ್ಯಾಯ? ಫೋಲ್ಡರಿನ ಒಳಗೆ ಫೋಲ್ಡರು ಮಾಡಿದರೆ ರೇಡಿಯೋ ಒಡೆಯುವುದಿಲ್ಲ. ಕೇಳಿಸದ ದನಿ ಕೇಳಿಸುತ್ತದೆ, ಅಷ್ಟೇ.

ಹಿಂದೆ ಬಾಗಿಲು ಕಾಯುವವನಿಗೆ ಮುಖ ಇತ್ತು. 1952ರಲ್ಲಿ ಮಂತ್ರಿಯಾದ ಬಿ.ವಿ. ಕೇಸ್ಕರ್ ಆಕಾಶವಾಣಿಯಲ್ಲಿ ಸಿನಿಮಾ ಹಾಡುಗಳನ್ನು ಅಟ್ಟಿ ಶಾಸ್ತ್ರೀಯ ಸಂಗೀತ ಕೂರಿಸಿದಾಗ ಅದು ಯಾರ ತೀರ್ಮಾನ ಎಂದು ಜನಕ್ಕೆ ಗೊತ್ತಿತ್ತು. ಕೇಳುಗರು ರೇಡಿಯೋ ಸಿಲೋನಿನ ಕಡೆ ಮುಳ್ಳು ತಿರುಗಿಸಿದರು. 1957ರಲ್ಲಿ ವಿವಿಧ ಭಾರತಿ ಶುರುವಾಗಲೇಬೇಕಾಯಿತು. ಈಗಿನ ದ್ವಾರಪಾಲಕನಿಗೆ ಮುಖವಿಲ್ಲ. ಕೇಳಿದರೆ 'ಅದು ರ್ಯಾಂಡಮ್ ಸಾರ್, ಕಂಪ್ಯೂಟರ್ ಮಾಡೋದು' ಅನ್ನುತ್ತಾರೆ. ಹಿಂದೆ ದೇವರ ಇಚ್ಛೆ ಅನ್ನುತ್ತಿದ್ದರು. ಎರಡಕ್ಕೂ ಒಂದೇ ಉಪಯೋಗ: ತೀರ್ಮಾನ ಮಾಡಿದ ಮನುಷ್ಯನನ್ನು ಮರೆ ಮಾಡುವುದು. ಆದರೆ ದೇವರ ಇಚ್ಛೆಯನ್ನು ತೆರೆದು ಓದಲಾಗುತ್ತಿರಲಿಲ್ಲ. ಸ್ಕ್ರಿಪ್ಟನ್ನು ಓದಬಹುದು. ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಕಲಿತ ಹುಡುಗಿ ಓದಬಹುದು, ತಿದ್ದಬಹುದು.

ಆದ್ದರಿಂದ ಮೇಷ್ಟ್ರುಗಳೇ, ಸಂಭವನೀಯತೆಯ ಪಾಠ ಮಾಡುವಾಗ ದಾಳ ಮತ್ತು ನಾಣ್ಯದಲ್ಲಿ ನಿಲ್ಲಿಸಬೇಡಿ. ನೂರು ಚೀಟಿಯ ಮಡಕೆಯನ್ನು ಮಕ್ಕಳ ಮುಂದೆ ಇಡಿ, ಎತ್ತಿಸಿ, ತಳದಲ್ಲಿ ಉಳಿದದ್ದನ್ನು ಎಣಿಸಿ. ವಿದ್ಯಾರ್ಥಿ ಗೆಳೆಯರೇ, ರೇಡಿಯೋ ಕಟ್ಟುವುದಾದರೆ ಯಾವ ಹಾಡು ಎಷ್ಟು ಹೊತ್ತಿಗೆ ಬಂತು ಎಂಬ ದಾಖಲೆಯನ್ನು ತಿಂಗಳಿಗೊಮ್ಮೆ ಎಲ್ಲರಿಗೂ ಕಾಣುವಂತೆ ಹಾಕಿ. ತೂಕವನ್ನು ಬಚ್ಚಿಡಬೇಡಿ, ಅದು ಸರಿಯೋ ತಪ್ಪೋ ಅಂತ ಜಗಳವಾಗಲಿ. ಆ ಜಗಳವೇ ಪ್ರಜಾಪ್ರಭುತ್ವ. ಚೀಟಿ ಎತ್ತುವುದು ಕೆಟ್ಟದ್ದಲ್ಲ. ಸಮಾನರ ನಡುವೆ ಅದಕ್ಕಿಂತ ಚೆಂದದ ನ್ಯಾಯ ಇನ್ನೊಂದಿಲ್ಲ. ಮೊದಲು ಸಮಾನರಾಗಬೇಕು, ಆಮೇಲೆ ಚೀಟಿ.

ಅಲ್ಲಿಯವರೆಗೆ ಯಾರಾದರೂ ಮಡಕೆ ಹಿಡಿದುಕೊಂಡು ಬಂದು 'ಕೈ ಹಾಕಿ, ನಿಮ್ಮ ಅದೃಷ್ಟ ನೋಡಿ' ಎಂದರೆ ಕೈ ಹಾಕಬೇಡಿ. ಅದನ್ನು ಎಲ್ಲರೆದುರಿಗೆ ಬೋರಲು ಹಾಕಿಸಿ. ಬಿದ್ದ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿಸಿ.